ಕಲ್ಲಿನೊಳಗಿಂದ ಗ್ಯಾಸ್ ಬರೋದು ಹೇಗೆ?

ಬೇಸಿಗೆಯಲ್ಲಿ ನೀರು ಇಳಿದ ಕೆರೆಯ ಕೆಸರಿಗೆ ಒಂದು ಕೋಲು ಚುಚ್ಚಿ ನೋಡಿ. ಗುಳುಗುಳು ಗುಳ್ಳೆ ಏಳುತ್ತವೆ. ಅದರಲ್ಲಿ ಮೀಥೇನ್ ಇರುತ್ತದೆ. ಗಾಳಿಯಾಡದ ಕೆಸರಿನಲ್ಲಿ ಕೊಳೆತ ಎಲೆ, ಕಡ್ಡಿಯಿಂದ ಸೂಕ್ಷ್ಮಜೀವಿಗಳು ತಯಾರಿಸಿದ್ದು.

ಆಳದ ಗ್ಯಾಸಿನ ಕಥೆ ಬೇರೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳಕ್ಕೆ ಬಿದ್ದ ಪಾಚಿಯ ಮೇಲೆ ಪದರ ಪದರವಾಗಿ ಹೂಳು ಕೂತಿತು. ಕಿಲೋಮೀಟರ್‌ಗಟ್ಟಲೆ ಆಳದಲ್ಲಿ, 100 ಡಿಗ್ರಿ ಮೀರಿದ ಶಾಖಕ್ಕೆ ಅದು ಬೆಂದು ಎಣ್ಣೆಯಾಯಿತು, ಇನ್ನೂ ಬೆಂದು ಗ್ಯಾಸ್ ಆಯಿತು. ಗ್ಯಾಸ್ ಹಗುರ. ಬಿರುಕು ಸಿಕ್ಕಲ್ಲೆಲ್ಲ ಮೇಲೇರುತ್ತದೆ. ದಾರಿಗೆ ಜೇಡಿಕಲ್ಲು ಅಡ್ಡ ಬಂದರೆ ಅಲ್ಲೇ ಸಿಕ್ಕಿಬೀಳುತ್ತದೆ. ಇಲ್ಲವಾದರೆ ನೆಲದ ಮೇಲೆ ಬರುತ್ತದೆ. ಹಿಮಾಚಲದ ಜ್ವಾಲಾಮುಖಿ ದೇವಸ್ಥಾನದಲ್ಲಿ ಬಂಡೆಯ ಸಂದಿಯಲ್ಲಿ ಉರಿಯುವ ಜ್ಯೋತಿಯೂ ನೆಲದಡಿಯ ಅನಿಲವೇ.

ಹಾಗಾದರೆ ಗದಗ ಹತ್ತಿರದ ನಮ್ಮ ಅಸುಂಡಿಯಲ್ಲಿ ಬೋರ್ ಕೊರೆದರೆ ಗ್ಯಾಸ್ ಸಿಗುತ್ತದೆಯೇ? ಆಸೆ ಬೇಡ. ಈ ಸೀಮೆಯ ಎರೆಮಣ್ಣಿನಡಿ, ಕಪ್ಪತಗುಡ್ಡದಲ್ಲಿ ಇರುವುದು ಧಾರವಾಡ ಶಿಲೆ. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಒತ್ತಡ, ಶಾಖಕ್ಕೆ ಸಿಕ್ಕಿ ಅದರ ರೂಪವೇ ಬದಲಾಗಿದೆ. ಗ್ಯಾಸ್ ಹಿಡಿದಿಡುವ ಗುಣ ಅದಕ್ಕಿಲ್ಲ. ಈ ಶಿಲೆಯಲ್ಲಿ ಚಿನ್ನವುಂಟು. ಗ್ಯಾಸ್ ಬೇಕಾದರೆ ಗೋದಾವರಿ, ಕೃಷ್ಣಾ ನದಿಗಳು ಸಮುದ್ರ ಸೇರುವ ಕಡೆಯ ಹೂಳಿನ ಪದರಗಳನ್ನು ಕೊರೆಯಬೇಕು, ಅಲ್ಲಿ ಕೊರೆಯುತ್ತಲೂ ಇದ್ದಾರೆ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಟರ್ಕಿಯ ಯಾನಾರ್ತಾಶ್ ಬೆಟ್ಟ. ಅಲ್ಲಿ ಸಾವಿರಾರು ವರ್ಷಗಳಿಂದ ಕಲ್ಲಿನ ನಡುವೆ ಬೆಂಕಿ ಉರಿಯುತ್ತಿದೆ. ಆ ಗ್ಯಾಸಿನ ದೊಡ್ಡ ಪಾಲಿಗೆ ಜೀವಿಗಳೇ ಬೇಕಾಗಿಲ್ಲ ಅನ್ನುತ್ತಾರೆ ವಿಜ್ಞಾನಿಗಳು: ಕಬ್ಬಿಣದ ಅಂಶವಿರುವ ಕಲ್ಲಿಗೆ ನೀರು ತಾಗಿ ಹೈಡ್ರೋಜನ್ ಹುಟ್ಟುತ್ತದೆ, ಅದು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೀಥೇನ್ ಆಗುತ್ತದೆ.