ಸೆರೆಮನೆಯೊಳಗಿನ ಚರ್ಚಾಕೂಟ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಭಾಗವಹಿಸಿದವರೆಲ್ಲರಿಗೂ ಒಂದು ಸಂಗತಿ ತಿಳಿದೇ ಇರುತ್ತದೆ. ಪರ ಮತ್ತು ವಿರೋಧ ಎಂಬ ಎರಡು ಪಕ್ಷಗಳಲ್ಲಿ ನಮ್ಮದು ಯಾವುದೆಂಬುದನ್ನು ಅನೇಕ ವೇಳೆ ನಮ್ಮ ಅಂತರಂಗ ನಿರ್ಧರಿಸುವುದಿಲ್ಲ, ಚೀಟಿ ನಿರ್ಧರಿಸುತ್ತದೆ. ನಾನು ವಿದ್ಯಾರ್ಥಿಯಾಗಿದ್ದಾಗ ಒಮ್ಮೆ, ಸೆರೆಮನೆ ಇರುವುದು ಶಿಕ್ಷೆಗಾಗಿಯೇ ಹೊರತು ಸುಧಾರಣೆಗಾಗಿ ಅಲ್ಲ ಎಂಬ ವಿಷಯದ ಪರವಾಗಿ ಮಾತನಾಡಿ ಎರಡನೆಯ ಬಹುಮಾನ ಪಡೆದೆ. ಅಂದಿಗೆ ನಾನು ಸೆರೆಮನೆಯ ಗೋಡೆಯನ್ನು ಹೊರಗಿನಿಂದ ಕೂಡ ಸರಿಯಾಗಿ ನೋಡಿದವನಲ್ಲ. ಚಪ್ಪಾಳೆ ಮಾತ್ರ ಧಾರಾಳವಾಗಿ ಬಿತ್ತು. ಯಾರನ್ನು ಕುರಿತು ಅಷ್ಟು ನಿಶ್ಚಯವಾಗಿ ಮಾತನಾಡಿದೆನೋ ಅವರೇ ಎದುರಿಗೆ ನಿಂತು ಉತ್ತರ ಕೊಡುವಂತಿದ್ದರೆ ನನ್ನ ಬಹುಮಾನದ ಗತಿ ಏನಾಗುತ್ತಿತ್ತೆಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ಬಂದಿಗಳೇ ಎದುರುಪಕ್ಷದಲ್ಲಿ ನಿಂತ ಅಂಥದೊಂದು ಚರ್ಚೆ 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ನಡೆಯಿತು. ಕ್ಯಾಟ್ಸ್‌ಕಿಲ್ ಬೆಟ್ಟಗಳ ಬಳಿ ನ್ಯಾಪನಾಕ್ ಎಂಬ ಊರಿನಲ್ಲಿ, ಅತಿ ಬಿಗಿಯಾದ ಕಾವಲಿನ ಒಂದು ಸೆರೆಮನೆಯಿದೆ. ಅಲ್ಲಿನ ಮೂವರು ಬಂದಿಗಳು ಒಂದು ಕಡೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಇನ್ನೊಂದು ಕಡೆ. ಹಾರ್ವರ್ಡಿನ ಚರ್ಚಾಪಟುಗಳೆಂದರೆ ಸಾಮಾನ್ಯರಲ್ಲ. ಅದಕ್ಕೆ ಒಂದು ವರ್ಷದ ಹಿಂದೆ, 2014ರಲ್ಲಿ, ನಮ್ಮ ನೆರೆಯ ಚೆನ್ನೈ ನಗರದಲ್ಲಿ ನಡೆದ ವಿಶ್ವ ವಿಶ್ವವಿದ್ಯಾಲಯಗಳ ಚರ್ಚಾಸ್ಪರ್ಧೆಯಲ್ಲಿ ಗೆದ್ದದ್ದು ಅದೇ ಹಾರ್ವರ್ಡಿನ ತಂಡ.

ಚರ್ಚೆಯ ವಿಷಯವೂ ಕುತೂಹಲಕರವಾದುದು. ಸರಿಯಾದ ಕಾಗದಪತ್ರಗಳಿಲ್ಲದೆ ದೇಶಕ್ಕೆ ಬಂದವರ ಮಕ್ಕಳಿಗೆ ಸರ್ಕಾರಿ ಶಾಲೆಗಳು ಪ್ರವೇಶವನ್ನು ನಿರಾಕರಿಸಬಹುದೆ? ನಿರಾಕರಿಸಬಹುದೆಂಬ ಪಕ್ಷ ಬಂದಿಗಳ ಪಾಲಿಗೆ ಬಂತು. ಅವರಿಗೆ ಸ್ವತಃ ಒಪ್ಪಿಗೆಯಿಲ್ಲದ ಪಕ್ಷ ಅದು. ಆದರೂ ಅವರು ಯಾರೂ ನಿರೀಕ್ಷಿಸದ ದಾರಿಯೊಂದನ್ನು ಹಿಡಿದರು. ಈ ಮಕ್ಕಳು ಈಗ ಹೋಗುತ್ತಿರುವ ಶಾಲೆಗಳೇ ಅವರಿಗೆ ಏನನ್ನೂ ಕಲಿಸುತ್ತಿಲ್ಲ; ಅಂಥ ಶಾಲೆಗಳು ಬಾಗಿಲು ಮುಚ್ಚಿದರೆ, ಸೇವಾಸಂಸ್ಥೆಗಳೂ ಹೆಚ್ಚು ಅನುಕೂಲವಿರುವ ಶಾಲೆಗಳೂ ಮುಂದೆ ಬಂದು ಅವರಿಗೆ ಇನ್ನೂ ಉತ್ತಮವಾದ ವಿದ್ಯೆಯನ್ನು ಕೊಡಬಹುದು ಎಂಬುದು ಅವರ ವಾದ. ಎದುರುಪಕ್ಷದವರು ಇದಕ್ಕೆ ಸಿದ್ಧರಾಗಿ ಬಂದಿರಲಿಲ್ಲ. ತೀರ್ಪುಗಾರರು ಬಂದಿಗಳೇ ಗೆದ್ದರೆಂದು ಸಾರಿದರು. ಹಾರ್ವರ್ಡಿನವರು ತಮ್ಮ ಸೋಲನ್ನು ಗೌರವದಿಂದ ಒಪ್ಪಿಕೊಂಡು, ಎದುರಾಳಿಗಳ ಬುದ್ಧಿವಂತಿಕೆಯನ್ನು ಬಹಿರಂಗವಾಗಿ ಮೆಚ್ಚಿದರು.

ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ಎಲ್ಲರ ಬಾಯಲ್ಲೂ ಆಶ್ಚರ್ಯವೇ. ಆದರೆ ಆ ಆಶ್ಚರ್ಯವನ್ನು ಕೊಂಚ ಬಿಡಿಸಿ ನೋಡಬೇಕು. ಬಂದಿಗೆ ಬುದ್ಧಿಯಿರಬಹುದೆಂಬುದನ್ನು ನಾವು ಮೊದಲೇ ಒಪ್ಪಿದ್ದರೆ ಆಶ್ಚರ್ಯಕ್ಕೆ ಎಡೆಯೆಲ್ಲಿ? ಅದೇ ತಂಡ 2014ರಲ್ಲಿ ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯದ ತಂಡವನ್ನು ಸೋಲಿಸಿತ್ತು. ಮರುವರ್ಷ ಅದೇ ವೆಸ್ಟ್ ಪಾಯಿಂಟಿನವರಿಗೆ ಸೋತಿತ್ತು. ಎಲ್ಲ ತಂಡಗಳಂತೆ ಅದಕ್ಕೂ ಸೋಲು ಗೆಲುವುಗಳಿದ್ದವು. ಉಳಿದವರಿಗಿಲ್ಲದ ಕಷ್ಟವೊಂದು ಮಾತ್ರ ಇತ್ತು. ಅಂತರ್ಜಾಲ ಅವರ ಕೈಗೆ ಎಟುಕುವಂತಿರಲಿಲ್ಲ. ಪುಸ್ತಕವೋ ಲೇಖನವೋ ಬೇಕೆಂದರೆ ಸೆರೆಮನೆಯ ಅಧಿಕಾರಿಗಳ ಒಪ್ಪಿಗೆ ಪಡೆಯಬೇಕು. ಅದಕ್ಕೆ ವಾರಗಳೇ ಹಿಡಿಯುತ್ತಿದ್ದವು. ಓದಲು ಸಿಕ್ಕಿದ್ದು ಅಲ್ಪ. ಆ ಅಲ್ಪವನ್ನೇ ಅವರು ಮತ್ತೆ ಮತ್ತೆ ಓದಿದರು.

ಈ ತಂಡ ಹುಟ್ಟಿದ್ದು ಹೇಗೆ? ಅದರ ಹಿಂದೆ ಒಬ್ಬ ವಿದ್ಯಾರ್ಥಿಯ ಪ್ರಯತ್ನವಿದೆ. ಅಮೆರಿಕದಲ್ಲಿ ಬಡ ವಿದ್ಯಾರ್ಥಿಗಳ ಕಾಲೇಜು ವ್ಯಾಸಂಗಕ್ಕೆ ಪೆಲ್ ಗ್ರಾಂಟ್ ಎಂಬ ಸರ್ಕಾರಿ ನೆರವು ದೊರೆಯುತ್ತದೆ. ಹಿಂದೆ ಅದು ಬಂದಿಗಳಿಗೂ ಸಿಗುತ್ತಿತ್ತು; ಅದರ ಬಲದಿಂದ ನೂರಾರು ಸೆರೆಮನೆಗಳಲ್ಲಿ ಕಾಲೇಜು ತರಗತಿಗಳು ನಡೆಯುತ್ತಿದ್ದವು. 1994ರ ಅಪರಾಧ ನಿಯಂತ್ರಣ ಶಾಸನ ಬಂದಿಗಳಿಗೆ ಈ ನೆರವನ್ನು ನಿಲ್ಲಿಸಿತು. ಆ ನೆರವಿನ ಒಟ್ಟು ಮೊತ್ತದಲ್ಲಿ ಬಂದಿಗಳ ಪಾಲು ನೂರಕ್ಕೆ ಒಂದಕ್ಕಿಂತಲೂ ಕಡಿಮೆಯಿತ್ತು. ಆದರೂ ತರಗತಿಗಳು ಒಂದರ ಹಿಂದೊಂದರಂತೆ ಮುಚ್ಚಿಹೋದವು. ಆಗ ನ್ಯೂಯಾರ್ಕಿನ ಬಾರ್ಡ್ ಕಾಲೇಜಿನಲ್ಲಿ ಓದುತ್ತಿದ್ದ ಮ್ಯಾಕ್ಸ್ ಕೆನ್ನರ್ ಎಂಬ ತರುಣ, ತನ್ನ ಕಾಲೇಜೇ ಸೆರೆಮನೆಗೆ ಹೋಗಿ ಪಾಠ ಹೇಳಬಾರದೇಕೆ ಎಂದು ಕೇಳಿದ. ಕಾಲೇಜಿನವರನ್ನೂ ಸೆರೆಮನೆಯ ಅಧಿಕಾರಿಗಳನ್ನೂ ಒಪ್ಪಿಸುತ್ತ ಅಲೆದ. 1999ರಲ್ಲಿ ಆರಂಭವಾದ ಆ ಕಾರ್ಯ ಬೆಳೆದು, ಬಂದಿಗಳಿಗೆ ಬಾರ್ಡ್ ಕಾಲೇಜಿನ ಪದವಿಯನ್ನೇ ಕೊಡುವಂತಾಯಿತು. ಅರ್ಜಿ ಹಾಕಿದವರೆಲ್ಲರಿಗೂ ಅಲ್ಲಿ ಸ್ಥಳವಿಲ್ಲ. ಪ್ರಬಂಧ ಬರೆಯಬೇಕು, ಸಂದರ್ಶನ ಎದುರಿಸಬೇಕು.

ಸೆರೆಮನೆಯಲ್ಲಿ ಚರ್ಚೆಯೆಂಬುದು ಹೊಸದೇನೂ ಅಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ನಾರ್ಫೋಕ್ ಸೆರೆಮನೆಯಲ್ಲಿ ಕಳೆದ ಶತಮಾನದ ನಡುಭಾಗದಲ್ಲಿ ಪ್ರಸಿದ್ಧವಾದ ಚರ್ಚಾಸಂಘವಿತ್ತು. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳು ಅಲ್ಲಿಗೆ ಬಂದು ಸ್ಪರ್ಧಿಸುತ್ತಿದ್ದವು. 1951ರಲ್ಲಿ ಆಕ್ಸ್‌ಫರ್ಡಿನ ತಂಡವೂ ಅಲ್ಲಿ ಸೋತು ಹಿಂದಿರುಗಿತು. ಕರಿಯ ಜನರ ಮಹಾನಾಯಕನಾಗಿ ಮುಂದೆ ಹೆಸರಾದ ಮಾಲ್ಕಮ್ ಎಕ್ಸ್ 1948ರಲ್ಲಿ ಬಂದಿಯಾಗಿ ಈ ಸೆರೆಮನೆಗೆ ಬಂದ. ಅಲ್ಲಿನ ಪುಸ್ತಕ ಭಂಡಾರದಲ್ಲಿ ಓದು, ಚರ್ಚಾಕೂಟದಲ್ಲಿ ಮಾತು, ಎರಡನ್ನೂ ರೂಢಿಸಿಕೊಂಡ. ಲಕ್ಷಾಂತರ ಜನರನ್ನು ಕಲಕಿದ ಆ ವಾಗ್ಮಿತೆಗೆ ಸಾಣೆ ಹಿಡಿದದ್ದು ಸೆರೆಮನೆಯ ವೇದಿಕೆ.

ಇಷ್ಟು ಹೇಳಿ ಮುಗಿಸಿದರೆ ನಾನು ಮತ್ತೆ ಒಂದೇ ಪಕ್ಷದ ಭಾಷಣಕಾರನಾದಂತಾಗುತ್ತದೆ. ಎದುರುಪಕ್ಷವೂ ಇದೆ, ಅದು ಹಗುರವಾದುದಲ್ಲ. 2014ರಲ್ಲಿ ನ್ಯೂಯಾರ್ಕಿನ ಗವರ್ನರ್ ಆಂಡ್ರ್ಯೂ ಕುಮೊ ಸರ್ಕಾರದ ಹಣದಿಂದ ಸೆರೆಮನೆಗಳಲ್ಲಿ ಕಾಲೇಜು ತೆರೆಯುವ ಯೋಜನೆಯನ್ನು ಮುಂದಿಟ್ಟಾಗ ದೊಡ್ಡ ಕೂಗೆದ್ದಿತು. ಯಾವ ತಪ್ಪನ್ನೂ ಮಾಡದ ನಾನು ಸಾಲ ಮಾಡಿ ಮಗನನ್ನು ಓದಿಸುತ್ತಿದ್ದೇನೆ. ತಪ್ಪು ಮಾಡಿದವನಿಗೆ ನನ್ನ ತೆರಿಗೆಯಲ್ಲಿ ಪುಕ್ಕಟೆ ಪದವಿಯೇ ಎಂದು ತಂದೆಯೊಬ್ಬ ಕೇಳಿದರೆ ಅವನನ್ನು ಕಲ್ಲೆದೆಯವನೆನ್ನಲಾಗದು. ಕೊಲೆಯಾದವನ ಮನೆಯವರು ಆ ಪದವಿ ಪ್ರದಾನದ ಚಿತ್ರವನ್ನು ಪತ್ರಿಕೆಯಲ್ಲಿ ಕಂಡಾಗ ಪಡುವ ಸಂಕಟಕ್ಕೆ ನನ್ನಲ್ಲಿ ಉತ್ತರವಿಲ್ಲ. ಕುಮೊ ಆ ಯೋಜನೆಯನ್ನು ಕೈಬಿಡಬೇಕಾಯಿತು.

ಆದರೆ ಆ ತಂದೆಯ ನ್ಯಾಯವಾದ ಕೋಪ ಬಂದಿಯ ಪುಸ್ತಕವನ್ನು ಕಿತ್ತುಕೊಂಡರೆ ತೀರುವಂಥದಲ್ಲ. ಅವನ ಮಗನ ಶುಲ್ಕ ಅದರಿಂದ ಒಂದು ಕಾಸೂ ಕಡಿಮೆಯಾಗದು. ಇನ್ನೊಂದು ವಿಚಾರವೂ ಇದೆ. ಸೆರೆಗೆ ಹೋದವರಲ್ಲಿ ಬಹುಪಾಲು ಜನ ಒಂದಲ್ಲ ಒಂದು ದಿನ ಹೊರಗೆ ಬರುವವರೇ. ಅವರು ಎಂಥವರಾಗಿ ಬರಬೇಕೆಂಬುದು ಹೊರಗಿರುವ ನಮ್ಮ ಪ್ರಶ್ನೆಯೂ ಹೌದು. ರ‍್ಯಾಂಡ್ ಸಂಸ್ಥೆ 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸೆರೆಯಲ್ಲಿ ಓದಿದವರು ಮತ್ತೆ ಸೆರೆಗೆ ಮರಳುವ ಸಂಭವ ಓದದವರಿಗಿಂತ ನೂರಕ್ಕೆ 43ರಷ್ಟು ಕಡಿಮೆಯೆಂದು ಕಂಡುಬಂತು. ಓದಲು ಮುಂದೆ ಬರುವವರು ಮೊದಲೇ ಬದಲಾಗಲು ಮನಸ್ಸು ಮಾಡಿದವರಾಗಿರಬಹುದು ಎಂಬ ಆಕ್ಷೇಪಣೆ ಇದಕ್ಕುಂಟು. ಇರಲಿ, ಮನಸ್ಸು ಮಾಡಿದವನಿಗೆ ದಾರಿಯೊಂದು ಬೇಡವೆ?

ಹೊರಗಿನ ವಿದ್ಯಾರ್ಥಿಗಳೂ ಸುಮ್ಮನೆ ಕುಳಿತಿರಲಿಲ್ಲ. ಅಮೆರಿಕದಲ್ಲಿ ಲಾಭಕ್ಕಾಗಿ ಸೆರೆಮನೆಗಳನ್ನು ನಡೆಸುವ ಖಾಸಗಿ ಕಂಪನಿಗಳಿವೆ. ತಮ್ಮ ವಿಶ್ವವಿದ್ಯಾಲಯದ ಹಣ ಅಂಥ ಕಂಪನಿಗಳ ಷೇರುಗಳಲ್ಲಿ ಇದೆಯೆಂದು ತಿಳಿದ ಕೊಲಂಬಿಯಾದ ವಿದ್ಯಾರ್ಥಿಗಳು ಅದನ್ನು ಹಿಂದೆಗೆಯಬೇಕೆಂದು ಚಳವಳಿ ಹೂಡಿದರು. 2015ರ ಜೂನಿನಲ್ಲಿ ವಿಶ್ವವಿದ್ಯಾಲಯ ಅದಕ್ಕೆ ಒಪ್ಪಿತು. ಬಂದಿಗಳಿಗೆ ನಿಂತುಹೋಗಿದ್ದ ಪೆಲ್ ನೆರವನ್ನು ಮರಳಿ ಕೊಡುವ ಶಾಸನ 2020ರ ಡಿಸೆಂಬರಿನಲ್ಲಿ ಬಂದು, 2023ರ ಜುಲೈಯಿಂದ ಜಾರಿಯಾಯಿತು. 1994ರಿಂದ ಎಣಿಸಿದರೆ ಸುಮಾರು ಮೂವತ್ತು ವರ್ಷ. ಈ ನಡುವೆ ಓದಬೇಕೆಂದು ಕಾದು, ಓದದೆಯೇ ಮುಪ್ಪಾದವರ ಲೆಕ್ಕವನ್ನು ಯಾವ ಶಾಸನವೂ ಹೇಳುವುದಿಲ್ಲ.

ಚರ್ಚಾಸ್ಪರ್ಧೆಯ ನಿಯಮ ಬಹಳ ಸರಳವಾದುದು. ಇಬ್ಬರಿಗೂ ಒಂದೇ ಅಳತೆಯ ಸಮಯ; ಒಬ್ಬ ಮಾತನಾಡುವಾಗ ಇನ್ನೊಬ್ಬ ಕೇಳಬೇಕು; ಮಾತಿನ ತೂಕವನ್ನು ನೋಡಬೇಕೇ ಹೊರತು ಆಡಿದವನ ಮೈಮೇಲಿನ ಬಟ್ಟೆಯನ್ನಲ್ಲ. ನ್ಯಾಯವೆಂಬುದರ ಮೊದಲ ಪಾಠವೂ ಇದೇ ಅಲ್ಲವೆ? ನ್ಯಾಪನಾಕಿನ ಆ ಬಂದಿಗಳು ಚರ್ಚೆ ಮುಗಿದ ಸಂಜೆ ಕಾಲೇಜಿಗೆ ಹಿಂದಿರುಗಲಿಲ್ಲ, ತಮ್ಮ ಕೋಣೆಗಳಿಗೆ ಹಿಂದಿರುಗಿದರು. ಅವರ ಶಿಕ್ಷೆಯಲ್ಲಿ ಒಂದು ದಿನವೂ ಕಡಿಮೆಯಾಗಲಿಲ್ಲ. ಆಗಬೇಕೆಂದು ನಾನೂ ವಾದಿಸಲಾರೆ. ಆದರೆ ಆ ಒಂದು ಗಂಟೆ ಅವರ ಮಾತನ್ನು ಇತರರು ಸಮಾನರ ಮಾತೆಂದು ಕೇಳಿದರು.

ನನ್ನ ಎರಡನೆಯ ಬಹುಮಾನದ ಪುಟ್ಟ ಬಟ್ಟಲು ಈಗಲೂ ಮನೆಯ ಬೀರುವಿನಲ್ಲಿದೆ. ಅಂದು ನಾನು ಗೆದ್ದದ್ದು ಎದುರುಪಕ್ಷದವರು ಯಾರೂ ಇಲ್ಲದ ಸಭೆಯಲ್ಲಿ ಎಂಬುದು, ಅದನ್ನು ಕಂಡಾಗಲೆಲ್ಲ ನೆನಪಾಗುತ್ತದೆ.