ಬಹುಧಾರೆಯ ಷವರಿಗೆ ಮೊದಲು ಮಾಡತಕ್ಕ ಲೆಕ್ಕ

ಕಕ್ಕಡ ಮಾಸದ ಮಳೆಯಲ್ಲಿ ಗದ್ದೆಯಿಂದಲೋ ತೋಟದಿಂದಲೋ ನೆನೆದು ಬಂದವರಿಗೆ ಹಂಡೆಯ ಬಿಸಿನೀರಿಗಿಂತ ಮಿಗಿಲಾದ ಸುಖವಿಲ್ಲವೆಂಬುದನ್ನು ಕೊಡಗಿನವರಿಗೆ ಹೇಳಿಕೊಡಬೇಕಾದುದಿಲ್ಲ. ಆ ಸುಖವನ್ನು ತಲೆಯ ಮೇಲಿಂದಲೂ ಪಕ್ಕಗಳಿಂದಲೂ ಏಕಕಾಲದಲ್ಲಿ ಸುರಿಸುವ ಬಹುಧಾರೆಯ ಷವರುಗಳು ಈಗ ಅಂಗಡಿಗಳಲ್ಲಿ ದೊರೆಯುತ್ತವೆ. ಅವುಗಳ ಥಳಕಿಗೆ ಮಾರುಹೋಗುವ ಮೊದಲು ಗೃಹಸ್ಥರು ಗೋಡೆಯೊಳಗಿನ ಪೈಪುಗಳನ್ನು ಕುರಿತು ಆಲೋಚಿಸುವುದು ಲೇಸು. ಟೈಲ್ಸು ಹಾಕಿಸಿದ ಮೇಲೆ ಆಲೋಚಿಸಿದರೆ ಗೋಡೆಯನ್ನೇ ಒಡೆಯಿಸಬೇಕಾದೀತು.

ಮೇಲಿನ ಷವರು ನಿಮಿಷಕ್ಕೆ 10 ಲೀಟರು, ಪಕ್ಕದ ನಾಲ್ಕು ಧಾರೆಗಳು ತಲಾ 5 ಲೀಟರು ಎಂದಿಟ್ಟುಕೊಳ್ಳೋಣ. ಒಟ್ಟು 30 ಆಯಿತು. ಹತ್ತು ನಿಮಿಷದ ಸ್ನಾನಕ್ಕೆ 300 ಲೀಟರು! ಬಾವಿಯ ನೀರು ತಳ ಕಾಣುವ ಏಪ್ರಿಲಿನಲ್ಲಿ ಇದು ಸಣ್ಣ ಮಾತಲ್ಲ. ತಣ್ಣೀರು 20 ಡಿಗ್ರಿ, ಗೀಸರಿನ ನೀರು 60 ಡಿಗ್ರಿ ಇದ್ದರೆ, ಮೈಗೆ ಹಿತವಾದ 40 ಡಿಗ್ರಿಗೆ ಎರಡನ್ನೂ ಸಮಸಮವಾಗಿ ಬೆರೆಸಬೇಕು. ಅಂದರೆ ನಿಮಿಷಕ್ಕೆ 15 ಲೀಟರು ಬಿಸಿನೀರು. 25 ಲೀಟರಿನ ಗೀಸರು ಎರಡು ನಿಮಿಷ ತುಂಬುವುದರೊಳಗೆ ಬರಿದಾಗುವುದು. 2 ಕಿಲೋವಾಟಿನದಾದರೆ ಮತ್ತೆ ಕಾಯಲು ಅರ್ಧ ಗಂಟೆಗೂ ಮಿಕ್ಕು ಹಿಡಿಯುವುದು. ಮೈಗೆ ಸೋಪು ಹಚ್ಚಿಕೊಂಡು ನಿಂತವರ ಪಾಡನ್ನು ಗೃಹಿಣಿಯರೇ ಊಹಿಸಲಿ. ಆದುದರಿಂದ ಮೇಲಿನ ಧಾರೆ, ಪಕ್ಕದ ಧಾರೆಗಳನ್ನು ಬೇರೆಬೇರೆಯಾಗಿ ತೆರೆಯುವಂತೆ ನಲ್ಲಿಗಳನ್ನಿಡಿಸಿ, ಗೀಸರನ್ನೂ ದೊಡ್ಡದಾಗಿಯೇ ಆರಿಸತಕ್ಕದ್ದು. ಮುಂಗಾರಿನ ಮೋಡದಲ್ಲಿ ಸೋಲಾರನ್ನು ನೆಚ್ಚಲಾಗದು. ಹಳೆಯ ಸೌದೆಯ ಒಲೆ, ಹಂಡೆಗಳಿದ್ದರೆ ದಯವಿಟ್ಟು ಕಿತ್ತುಹಾಕಿಸಬೇಡಿ. ಗಾಳಿಮಳೆಗೆ ವಿದ್ಯುತ್ತು ಹೋದ ದಿನ ಅದೇ ಗತಿ.

ಇನ್ನು ಒತ್ತಡದ ಮಾತು. ಟ್ಯಾಂಕು ಷವರಿಗಿಂತ 10 ಮೀಟರು ಮೇಲಿದ್ದರೆ ಸುಮಾರು 1 ಬಾರ್ ಒತ್ತಡ ದೊರೆಯುವುದು; 2 ಮೀಟರು ಮಾತ್ರವಿದ್ದರೆ ಅದರ ಐದನೆಯ ಒಂದು ಪಾಲು. ಅಷ್ಟರಿಂದ ಪಕ್ಕದ ಧಾರೆಗಳು ತೊಟ್ಟಿಕ್ಕುವುವೇ ಹೊರತು ಚಿಮ್ಮಲಾರವು. ಹೆಂಚಿನ ಇಳಿಜಾರು ಮಾಡಿನ ಮೇಲೆ ಟ್ಯಾಂಕಿಡುವಂತಿಲ್ಲವಾದರೂ, ಮನೆಯ ಹಿಂದಿನ ಗುಡ್ಡವು ಪಂಪಿಲ್ಲದೆಯೇ ಆ ಎತ್ತರವನ್ನು ಕೊಡಬಲ್ಲದು. ಆದರೆ ಇಲ್ಲಿಯೇ ಎಚ್ಚರ ಬೇಕು. 1000 ಲೀಟರು ನೀರೆಂದರೆ ಒಂದು ಟನ್ನು ತೂಕ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಕುಸಿದುದನ್ನು ಕಂಡವರು, ಮನೆಗಾಗಿ ಕಡಿದ ಬರೆಯ ಅಂಚಿನಲ್ಲಿ ಟ್ಯಾಂಕನ್ನು ಕೂರಿಸಲಾರರು. ಟ್ಯಾಂಕು ತುಂಬಿ ಹೊರಸೂಸುವ ನೀರನ್ನೂ ಸ್ನಾನದ ನೀರನ್ನೂ ಬರೆಯ ಮಣ್ಣಿಗೆ ಬಿಡದೆ, ಪೈಪಿನಲ್ಲಿಯೇ ಚರಂಡಿಗೆ ಮುಟ್ಟಿಸಬೇಕು. ಅಂತಹ ಗಟ್ಟಿ ನೆಲ ಸಿಕ್ಕದಿದ್ದರೆ ಕೆಳಗೇ ಟ್ಯಾಂಕಿರಿಸಿ ಪಂಪು ಹಾಕಿಸುವುದೇ ಮೇಲು. ಆಗ ಗೀಸರು ಆ ಒತ್ತಡವನ್ನು ತಾಳುವುದೇ ಎಂದು ವಿಚಾರಿಸಿಕೊಳ್ಳಬೇಕು.

ಟ್ಯಾಂಕಿನಿಂದ ಒಂದು ಅಂಗುಲದ ಪೈಪು, ಸ್ನಾನಗೃಹದೊಳಗೆ ಮುಕ್ಕಾಲು, ಒಂದೊಂದು ಧಾರೆಗೂ ಅರ್ಧ ಅಂಗುಲ ಸಾಕು. ಪಕ್ಕದ ಧಾರೆಗಳ ಪೈಪನ್ನು ಬಳೆಯಂತೆ ಸುತ್ತಿ ಕೂಡಿಸಿದರೆ ಎಲ್ಲಕ್ಕೂ ಸಮನಾದ ಒತ್ತಡ ಬರುವುದು. ಬಿಸಿನೀರಿಗೆ ಸಾಧಾರಣ ಪಿವಿಸಿ ಸಲ್ಲದು, ಸಿಪಿವಿಸಿಯೇ ಆಗಬೇಕು. ಬಿಸಿನೀರು, ತಣ್ಣೀರುಗಳೆರಡೂ ಒಂದೇ ಟ್ಯಾಂಕಿನಿಂದ ಬರಲಿ. ಇಲ್ಲವಾದರೆ ಒಂದರ ಒತ್ತಡ ಥಟ್ಟನೆ ತಗ್ಗಿ ಮಕ್ಕಳ ಮೈ ಬೆಂದೀತು.

ಗಾರೆಯವನು ಗೋಡೆ ಮುಚ್ಚುವ ಮುನ್ನ ಪೈಪುಗಳಿಗೆ ಒತ್ತಡದ ನೀರು ತುಂಬಿಸಿ, ಒಂದು ರಾತ್ರಿ ಬಿಟ್ಟು, ಎಲ್ಲಿಯಾದರೂ ಜಿನುಗುವುದೋ ಎಂದು ನೋಡಿ. ಪಕ್ಕದಲ್ಲಿ ಅಳತೆಪಟ್ಟಿಯನ್ನು ಹಿಡಿದು ಒಂದು ಛಾಯಾಚಿತ್ರವನ್ನೂ ತೆಗೆದಿಡಿ. ಮುಂದೆ ಟವೆಲಿನ ಗೂಟಕ್ಕೆ ಗೋಡೆ ಕೊರೆಯುವವನಿಗೆ ಅದು ಬೇಕಾಗುತ್ತದೆ.