ಸೈಕಲ್ ಹೊರುವ ಹೊರೆ

ತಲೆಯ ಮೇಲೋ ಹೆಗಲ ಮೇಲೋ ಹೊರೆ ಹೊತ್ತು ನಡೆಯುವವರು ಪ್ರತಿ ಹೆಜ್ಜೆಗೂ ತಮ್ಮ ಮೈಯನ್ನೂ ಹೊರೆಯನ್ನೂ ತುಸು ಮೇಲೆತ್ತಿ ಇಳಿಸಬೇಕಾಗುತ್ತದೆ. ಸೈಕಲ್ಲಿನಲ್ಲಿ ಆ ತೂಕವನ್ನು ಚೌಕಟ್ಟು ಮತ್ತು ಚಕ್ರಗಳೇ ಹೊರುವುದರಿಂದ, ಸಮತಟ್ಟಾದ ರಸ್ತೆಯಲ್ಲಿ ಸವಾರರ ಶ್ರಮ ಬಹುಪಾಲು ಎದುರುಗಾಳಿಯನ್ನೂ ಉರುಳು ಘರ್ಷಣೆಯನ್ನೂ, ಅಂದರೆ ಟೈರು ನೆಲಕ್ಕೊತ್ತಿ ಉರುಳುವಾಗ ಹುಟ್ಟುವ ತಡೆಯನ್ನೂ, ಮೀರುವುದಕ್ಕೆ ವಿನಿಯೋಗವಾಗುತ್ತದೆ. ಹಾಲಿನ ಕ್ಯಾನು, ನೀರಿನ ಕೊಡ, ಎಳನೀರಿನ ಗೊನೆ, ದಿನಸಿಯ ಚೀಲ ಎಲ್ಲವೂ ಸೈಕಲ್ ಏರಿದ್ದು ಈ ಅನುಕೂಲದಿಂದ. ಆದರೆ ಒಂದು ಸೈಕಲ್ ಎಷ್ಟು ಹೊರೆಯನ್ನು ಕ್ಷೇಮವಾಗಿ ಸಾಗಿಸಬಲ್ಲದು ಎಂಬುದು ಹೊರೆಯ ತೂಕದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಆ ತೂಕ ಕೂರುವ ಜಾಗವನ್ನು ಅವಲಂಬಿಸಿದೆ.

ಹತ್ತೊಂಬತ್ತನೆಯ ಶತಮಾನದ ಎತ್ತರದ ಮುಂಗಾಲಿಯ ಸೈಕಲ್ಲಿನಲ್ಲಿ ಸರಕಿಗೆ ತಕ್ಕ ಜಾಗವೇ ಇರಲಿಲ್ಲ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹೊರತಂದ ರೋವರ್ ಸೈಕಲ್, ಹೆಚ್ಚುಕಡಿಮೆ ಸಮ ಅಳತೆಯ ಎರಡು ಚಕ್ರಗಳನ್ನೂ ಹಿಂದಿನ ಚಕ್ರವನ್ನು ತಿರುಗಿಸುವ ಚೈನನ್ನೂ ರೂಢಿಗೆ ತಂದಿತು. ಸೀಟು ತಗ್ಗಿಗೆ ಇಳಿದು, ಹಿಂದಿನ ಚಕ್ರದ ಮೇಲೆ ಕ್ಯಾರಿಯರ್ ಜೋಡಿಸಲು ಎಡೆಯಾಯಿತು. ಭಾರತದಲ್ಲಿ ಬಳಕೆಗೆ ಬಂದ ದಪ್ಪ ಚೌಕಟ್ಟಿನ, 28 ಇಂಚಿನ ಚಕ್ರದ ಸೈಕಲ್ಲುಗಳು ಈ ವಿನ್ಯಾಸದ ವಂಶದವೇ.

ಕ್ಯಾರಿಯರ್ ಮೇಲೆ ಹೊರೆ ಇಡುವಾಗ ಗಮನಿಸಬೇಕಾದದ್ದು ಹಿಂದಿನ ಚಕ್ರದ ಅಚ್ಚು. ಭಾರವು ಅಚ್ಚಿನ ನೇರಕ್ಕೆ ಅಥವಾ ಅದಕ್ಕಿಂತ ಮುಂದೆ ಕೂತರೆ ಸೈಕಲ್ ಸ್ಥಿರವಾಗಿರುತ್ತದೆ. ಅಚ್ಚಿನಿಂದ ಹಿಂದಕ್ಕೆ ಸರಿದಷ್ಟೂ ಅದು ಸನ್ನೆಗೋಲಿನ ತುದಿಯ ತೂಕದಂತೆ ವರ್ತಿಸಿ, ಮುಂದಿನ ಚಕ್ರವನ್ನು ಹಗುರಗೊಳಿಸಿ, ಹ್ಯಾಂಡಲಿನ ಹಿಡಿತವನ್ನು ಸಡಿಲಿಸುತ್ತದೆ. ಎತ್ತರದ್ದು ಇನ್ನೊಂದು ಲೆಕ್ಕ. ವಸ್ತುವಿನ ತೂಕವೆಲ್ಲ ಒಟ್ಟುಗೂಡಿದಂತೆ ವರ್ತಿಸುವ ಬಿಂದುವಿಗೆ ಗುರುತ್ವ ಕೇಂದ್ರ ಎನ್ನುತ್ತಾರೆ; ಅದು ಮೇಲಿದ್ದಷ್ಟೂ, ವಾಲಿದ ಸೈಕಲ್ಲನ್ನು ನೇರ ನಿಲ್ಲಿಸಲು ಹೆಚ್ಚು ಬಲ ಬೇಕಾಗುತ್ತದೆ. ಕೊಡಗಳನ್ನೂ ಕ್ಯಾನುಗಳನ್ನೂ ಕ್ಯಾರಿಯರಿನ ಎರಡೂ ಪಕ್ಕಕ್ಕೆ ಸಮನಾಗಿ ಇಳಿಬಿಡುವ ರೂಢಿಯಲ್ಲಿ ಈ ಎರಡು ಲೆಕ್ಕಗಳೂ ಅಡಗಿವೆ. ಗೃಹಬಳಕೆಯ ಅಡುಗೆ ಅನಿಲದ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಅನಿಲವಿದ್ದು, ಉಕ್ಕಿನ ತೂಕವೂ ಸೇರಿದರೆ ಅದು ಸುಮಾರು 30 ಕಿಲೋಗ್ರಾಂ ಆಗುತ್ತದೆ. ಅದನ್ನು ಒಂದೇ ಪಕ್ಕಕ್ಕೆ ಕೊಕ್ಕೆಯಿಂದ ತೂಗುಹಾಕಿದಾಗ ಸವಾರರು ಮತ್ತೊಂದು ಕಡೆಗೆ ವಾಲಿಯೇ ಸಾಗಬೇಕು.

ಯುರೋಪಿನ ಸರಕು ಸೈಕಲ್ಲುಗಳು ಇದೇ ಸಮಸ್ಯೆಯನ್ನು ಚೌಕಟ್ಟು ಬದಲಿಸಿ ಬಗೆಹರಿಸಿದವು. ಡೆನ್ಮಾರ್ಕಿನಲ್ಲಿ ಹುಟ್ಟಿದ ಲಾಂಗ್ ಜಾನ್ ಮಾದರಿಯಲ್ಲಿ ಮುಂದಿನ ಚಕ್ರವನ್ನು ದೂರಕ್ಕೆ ಒಯ್ದು, ಅದಕ್ಕೂ ಹ್ಯಾಂಡಲಿಗೂ ನಡುವೆ ನೆಲಕ್ಕೆ ಹತ್ತಿರವಾಗಿ ಸರಕಿನ ಹಲಗೆಯನ್ನು ಕೂರಿಸಲಾಗಿದೆ. ಹ್ಯಾಂಡಲಿನ ತಿರುವು ಒಂದು ಉದ್ದನೆಯ ಸರಳಿನ ಮೂಲಕ ಚಕ್ರವನ್ನು ತಲುಪುತ್ತದೆ. ಭಾರ ತಗ್ಗಿನಲ್ಲಿದ್ದು ಎರಡು ಚಕ್ರಗಳ ನಡುವೆಯೇ ಉಳಿಯುವುದು ಇದರ ಗುಣ. ನೆದರ್ಲೆಂಡ್ಸಿನಲ್ಲಿ ಮುಂದೆ ಮರದ ಪೆಟ್ಟಿಗೆಯುಳ್ಳ ಬಾಕ್‌ಫೀಟ್ಸ್ ಎಂಬ ಸೈಕಲ್ಲುಗಳಲ್ಲಿ ಹಿಂದಿನ ಕಾಲದಲ್ಲಿ ಬ್ರೆಡ್ಡು, ಹಾಲು ಸಾಗುತ್ತಿದ್ದವು. ಈಗ ಮಕ್ಕಳೂ ಮನೆಸಾಮಾನೂ ಸಾಗುತ್ತವೆ.

ಹೊರೆ ಒಂದು ಮಿತಿ ದಾಟಿದರೆ ಸವಾರಿ ಅಸಾಧ್ಯವಾದರೂ ಸೈಕಲ್ಲಿನ ಉಪಯೋಗ ಮುಗಿಯುವುದಿಲ್ಲ. 1954ರ ದಿಯೆನ್ ಬಿಯೆನ್ ಫು ಕದನದಲ್ಲಿ ವಿಯೆಟ್ನಾಮಿನ ಸಾಗಣೆದಾರರು ಹ್ಯಾಂಡಲಿಗೆ ಬಿದಿರಿನ ಕೋಲು ಕಟ್ಟಿ ಪಕ್ಕದಿಂದಲೇ ತಿರುಗಿಸುತ್ತ, ಸೀಟಿನ ಬಳಿ ನಿಲ್ಲಿಸಿದ ಮತ್ತೊಂದು ಕೋಲಿನಿಂದ ಸಮತೋಲ ಕಾಯುತ್ತ, 200 ಕಿಲೋಗ್ರಾಂ ಮತ್ತು ಅದಕ್ಕೂ ಹೆಚ್ಚಿನ ಅಕ್ಕಿ, ಮದ್ದುಗುಂಡುಗಳನ್ನು ಕಾಡುದಾರಿಯಲ್ಲಿ ತಳ್ಳಿ ಸಾಗಿಸಿದರು. ಜಾರ್ಖಂಡಿನ ಗಣಿ ಪ್ರದೇಶಗಳಲ್ಲಿ ಇಂದಿಗೂ ಬಡ ಕೂಲಿಗಳು ಸೈಕಲ್ಲಿನ ಎರಡೂ ಮಗ್ಗುಲಿಗೆ ಕಲ್ಲಿದ್ದಲಿನ ಮೂಟೆಗಳನ್ನು ಕಟ್ಟಿ ಮೈಲಿಗಟ್ಟಲೆ ತಳ್ಳುತ್ತಾರೆ. ಅಲ್ಲಿ ಸೈಕಲ್ಲಿನ ಸಾಮರ್ಥ್ಯ ಎಷ್ಟು ಕಾಣುತ್ತದೆಯೋ, ಅದಕ್ಕೆ ಮನುಷ್ಯದೇಹ ತೆರುವ ಬೆಲೆಯೂ ಅಷ್ಟೇ ಕಾಣುತ್ತದೆ.

ಸಂತೆಯಿಂದ ತರಕಾರಿ, ದಿನಸಿ ತರುವ ಸಾಮಾನ್ಯರಿಗೆ ಇಷ್ಟು ಭಾರದ ಪ್ರಶ್ನೆ ಬರುವುದಿಲ್ಲವಾದರೂ ನಿಯಮಗಳು ಅವೇ. ಹ್ಯಾಂಡಲಿಗೆ ತೂಗುಹಾಕಿದ ಕೈಚೀಲ ಓಲಾಡಿ ಚಕ್ರವನ್ನು ಅತ್ತಿತ್ತ ಎಳೆಯುವುದಲ್ಲದೆ, ಕಡ್ಡಿಗಳ ನಡುವೆ ಸಿಕ್ಕಿಕೊಂಡರೆ ಚಕ್ರವನ್ನು ಥಟ್ಟನೆ ನಿಲ್ಲಿಸಿ ಸವಾರರನ್ನು ಮುಂದಕ್ಕೆ ಬೀಳಿಸಬಹುದು. ಅಕ್ಕಿ, ಎಣ್ಣೆಯಂಥ ಭಾರದ ವಸ್ತುಗಳನ್ನು ಕ್ಯಾರಿಯರಿನ ಪಕ್ಕದ ಚೀಲಗಳ ತಳಕ್ಕೂ, ಸೊಪ್ಪು, ಟೊಮೆಟೊಗಳನ್ನು ಮೇಲಕ್ಕೂ ಹಾಕಿ, ಸಡಿಲ ತುದಿ ಉಳಿಯದಂತೆ ಹಗ್ಗ ಅಥವಾ ಹಳೆಯ ಟ್ಯೂಬಿನಿಂದ ಬಿಗಿಯುವುದು ಒಳಿತು. ಹೊರೆ ಹೆಚ್ಚಿದಂತೆ ಬ್ರೇಕ್ ಹಿಡಿದ ಮೇಲೆ ನಿಲ್ಲುವ ದೂರವೂ ಹೆಚ್ಚುವುದರಿಂದ, ಹೊರಡುವ ಮೊದಲು ಟೈರಿನ ಗಾಳಿಯನ್ನೂ ಬ್ರೇಕಿನ ರಬ್ಬರುಗಳನ್ನೂ ನೋಡಿಕೊಳ್ಳುವುದು ಹೊರೆ ಕಟ್ಟುವ ಕೆಲಸದ್ದೇ ಒಂದು ಭಾಗ.